ಗೆದ್ದಲು ತಿಂದ ಜಾಗ

ಗೆರೆ ನಡುಗುತ್ತಿರಲಿಲ್ಲ. ದುರಗವ್ವನಿಗೆ ಮೊದಲು ಅನುಮಾನ ಹುಟ್ಟಿದ್ದು ಅದರ ಮೇಲೆ.

ಅಪರಾಧಗಳ ಲೆಕ್ಕವಿಡುವ ಹುಬ್ಬಳ್ಳಿಯ ಪ್ರವೃತ್ತಿ ಭವನದ ಮೂರನೆಯ ಅಂತಸ್ತಿನಲ್ಲಿ ಗೋಡೆಯ ತುಂಬ ಒಂದು ಪರದೆ. ಅದರ ಮೇಲೆ ರಾಜ್ಯದ ನೂರು ವರ್ಷದ ಕೊಲೆ, ಹಲ್ಲೆ, ಅತ್ಯಾಚಾರ, ಬೆಂಕಿ ಎಲ್ಲವನ್ನೂ ಕೂಡಿಸಿ ಎಳೆದ ಒಂದೇ ಕೆಂಪು ಗೆರೆ. ವರ್ಷಕ್ಕೊಮ್ಮೆ ಅದನ್ನು ಒಂದು ಗೇಣು ಮುಂದಕ್ಕೆ ಎಳೆದು, ಭಿತ್ತಿಪತ್ರ ಮಾಡಿ ಊರೂರಿನ ಠಾಣೆಗೆ ಕಳಿಸುವುದು ದುರಗವ್ವ ಚಲವಾದಿಯ ಕೆಲಸ. ಹಳೆಯ ಭಾಗದ ಗೆರೆ ಬದುಕಿರುವ ಪ್ರಾಣಿಯಂತೆ ಕುಪ್ಪಳಿಸುತ್ತಿತ್ತು. ಮಳೆ ಕೈಕೊಟ್ಟ ವರ್ಷ ಏರುತ್ತಿತ್ತು, ಸುಗ್ಗಿ ಚೆನ್ನಾದರೆ ಇಳಿಯುತ್ತಿತ್ತು, ಕೂಲಿ ಹೆಚ್ಚು ಕೇಳಿದ ವರ್ಷ, ಕೆರೆ ನೀರು ಮುಟ್ಟಿದ ವರ್ಷ, ಚುನಾವಣೆಯ ವರ್ಷ ಹಲ್ಲು ಕಿರಿದು ನಿಲ್ಲುತ್ತಿತ್ತು. ಕಳೆದ ಇಪ್ಪತ್ತೆರಡು ವರ್ಷದ ಗೆರೆಯೋ, ಇಸ್ತ್ರಿ ಹೊಡೆದ ಧೋತರದ ಅಂಚು. ಒಂದೇ ಸಮ ಇಳಿಯುತ್ತಿತ್ತು. ಈ ನಡುವೆ ಎರಡು ಬರ, ನಾಲ್ಕು ಚುನಾವಣೆ ಬಂದಿದ್ದವು, ಮೂರು ಗಿರಣಿ ಮುಚ್ಚಿದ್ದವು. ಯಾವುದಕ್ಕೂ ಅದು ರೆಪ್ಪೆ ಹೊಡೆದಿರಲಿಲ್ಲ.

“ಮನಷ್ಯಾರ ಗೆರಿ ನಡಗತೈತಿ,” ಎಂದು ಅವಳು ಪಕ್ಕದ ಮೇಜಿನ ಕುಲಕರ್ಣಿಗೆ ಒಮ್ಮೆ ಹೇಳಿದ್ದಳು. “ಇದು ಯಾರ ಗೆರಿರೀ?”

“ಸುಖಾ ಬಂದ್ರ ನಿಮಗ ತಡಕೊಳ್ಳಾಕ ಆಗಂಗಿಲ್ಲ ನೋಡ್ರಿ,” ಎಂದು ಅವನು ನಕ್ಕಿದ್ದ.

ಸುಖ ತಂದದ್ದು ‘ನ್ಯಾಯಶ್ರುತಿ’ ಎಂಬ ಯಂತ್ರ. ಜನ ಅದನ್ನು ದಾಖಲವ್ವ ಎಂದು ಕರೆದರು. “ನಾಳೆ ಬಾ” ಎನ್ನುವ ಪೇದೆ, ಉಳ್ಳವರ ಮಾತು ಕೇಳಿ ಬಡವರ ದೂರನ್ನು ತಿರುಚುವ ಬರಹಗಾರ, ಇವರೆಲ್ಲರ ಕೈಯಿಂದ ಲೇಖನಿ ಕಿತ್ತುಕೊಳ್ಳಬೇಕೆಂದು ಹೋರಾಟಗಾರರೇ ಬೀದಿಗಿಳಿದು ಪಡೆದ ಯಂತ್ರ ಅದು. ನೊಂದವರು ಠಾಣೆಯ ಕುರ್ಚಿಯಲ್ಲಿ ಕೂತು ತಮ್ಮ ಮಾತಿನಲ್ಲೇ ಹೇಳಬಹುದು. ದಾಖಲವ್ವ ಮೆತ್ತಗಿನ ಹೆಣ್ಣುದನಿಯಲ್ಲಿ “ಹೇಳವ್ವಾ” ಎನ್ನುತ್ತದೆ, ಕೇಳಿಸಿಕೊಂಡದ್ದನ್ನು ಠಾಣೆಯ ಕನ್ನಡಕ್ಕೆ ತಿರುಗಿಸುತ್ತದೆ, ಕೊಲೆಯೋ ಅಪಘಾತವೋ ತಾನೇ ತೀರ್ಮಾನಿಸಿ ಮುದ್ರಿಸಿ ಕೊಡುತ್ತದೆ. ಹೇಳುವವರನ್ನು ನಡುವೆ ತಡೆದ ಪೊಲೀಸನ ಹೆಸರೂ ಅದೇ ಹಾಳೆಯಲ್ಲಿ ಅಚ್ಚಾಗುತ್ತದೆ. ಹೇಳಿದವರಿಗೆ ಒಪ್ಪಿಗೆಯಾಗದಿದ್ದರೆ ಮೂರು ದಿನದೊಳಗೆ ಮತ್ತೆ ಹೇಳಬಹುದು. ಮೂರನೆಯ ದಿನ ಸಂಜೆ ಆರಕ್ಕೆ ದಾಖಲೆ ಮುಚ್ಚಿಕೊಂಡರೆ ಮುಗಿಯಿತು, ಆಮೇಲೆ ತೆರೆಯುವುದಿಲ್ಲ.

ಆ ಯಂತ್ರಕ್ಕೆ ಕೇಳುವುದನ್ನು ಕಲಿಸಿದ ನಲವತ್ತು ಹೆಂಗಸರಲ್ಲಿ ದುರಗವ್ವನೂ ಒಬ್ಬಳು. ಆ ಹೆಮ್ಮೆ ಅವಳಿಗಿತ್ತು. ಅದಕ್ಕೇ ಅನುಮಾನವನ್ನು ಬಾಯಿತುಂಬ ಆಡಲು ಆಗುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಗದಗಿನ ನೀಲಗಾರ ಪೇಟೆಯಿಂದ ಮಾಬುಬಿಯ ಫೋನು ಬಂತು. ಬಣ್ಣದ ಕಾರಖಾನೆಯಲ್ಲಿ ಕೆಲಸ ಮಾಡುವವಳು, ದುರಗವ್ವನ ಚಿಗವ್ವನ ಮನೆಯ ಎದುರಿಗೇ ಅವಳ ಮನೆ.

“ದುರಗಕ್ಕಾ, ಕಸ್ತೂರಿ ಹ್ವಾದ್ಲು. ಬಣ್ಣದ ತೊಟ್ಟ್ಯಾಗ ಇದ್ಲು. ಲಗೂ ಬಾ.”

*

ಕಸ್ತೂರಿ ದುರಗವ್ವನ ಚಿಗವ್ವ ಹುಲಿಗೆವ್ವನ ಒಬ್ಬಳೇ ಮಗಳು. ವಯಸ್ಸು ಇಪ್ಪತ್ತೊಂಬತ್ತು, ನಾಲಿಗೆ ಚಾಕು. ಹಿಂದಿನ ವಾರ ಕಾರಖಾನೆಯ ಮಾಲೀಕ ಮಲ್ಲೇಶಪ್ಪನ ತಮ್ಮ ಗುರುಬಸು ಒಬ್ಬ ಮುದುಕಿಯ ಕೆನ್ನೆಗೆ ಹೊಡೆದಾಗ ಹನ್ನೆರಡು ಹೆಂಗಸರನ್ನು ಕೆಲಸ ಬಿಡಿಸಿ ಬಾಗಿಲಲ್ಲಿ ಕೂರಿಸಿದ್ದಳು. ಗುರುಬಸು ಎಲ್ಲರ ಮುಂದೆ ಮುದುಕಿಯ ಕ್ಷಮೆ ಕೇಳಬೇಕಾಯಿತು.

ದುರಗವ್ವ ಹೋದಾಗ ಹೆಣಕ್ಕೆ ನೀರು ಹಾಕುತ್ತಿದ್ದರು. ಹುಲಿಗೆವ್ವ ಯಾರನ್ನೂ ಮುಟ್ಟಗೊಡದೆ ತಾನೇ ತೊಳೆಯುತ್ತಿದ್ದಳು. ಎಷ್ಟು ತೊಳೆದರೂ ನೀಲಿ ಹೋಗುತ್ತಿರಲಿಲ್ಲ. ಸೀರೆ ನೀಲಿ, ಕೂದಲು ನೀಲಿ, ಉಗುರಿನ ಸಂದು ನೀಲಿ.

“ಇಲ್ಲಿ ಬಾ,” ಎಂದಳು ಹುಲಿಗೆವ್ವ. ಮಗಳ ತುಟಿಯನ್ನು ಹೆಬ್ಬೆರಳಿನಿಂದ ಎತ್ತಿದಳು. “ಏನ್ ಕಾಣ್ತೈತಿ?”

“ಹಲ್ಲು.”

“ಎಂಥಾ ಹಲ್ಲು?”

ಬೆಳ್ಳಗಿನ ಹಲ್ಲು. ನಾಲಿಗೆಯೂ ಬಣ್ಣ ಕಂಡಿರಲಿಲ್ಲ.

“ಜೀವಂತ ಬಿದ್ದಾಕಿ ಬಾಯಿ ತೆರದು ಚೀರತಾಳ. ನೀರು ಕುಡೀತಾಳ. ನನ್ನ ಮಗಳ ಬಾಯಾಗ ಒಂದು ಹನಿ ನೀಲಿ ಇಲ್ಲ. ಸತ್ತ ಮ್ಯಾಲೆ ಒಗದಾರ ಆಕಿನ್ನ.” ತಲೆಯನ್ನು ಒಂದಿಷ್ಟು ಹೊರಳಿಸಿದಳು. ಹಿಂದಲೆ ಒಳಗೆ ಹೋಗಿತ್ತು.

ಮಾಬುಬಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಬಣ್ಣ ಕಲಕುವ ಕೋಲಿನಿಂದ ಗುರುಬಸು ಹೊಡೆದದ್ದನ್ನು ಎರಡನೆಯ ತೊಟ್ಟಿಯ ಬಾಜುವಿನಿಂದ ಅವಳು ಕಣ್ಣಾರೆ ಕಂಡಿದ್ದಳು.

“ಠಾಣೆಗೆ ಹೋಗಿದ್ಯಾ ಚಿಗವ್ವಾ?”

“ಹೋಗಿದ್ನಿ. ದಾಖಲವ್ವಗ ಎಲ್ಲಾ ಹೇಳೇನಿ. ಹಾಳಿ ಕೊಟ್ಟೈತಿ, ನೋಡು.”

ದುರಗವ್ವ ಹಾಳೆ ಬಿಡಿಸಿದಳು. ‘ಮೃತಳು ಕಾರಖಾನೆಯಲ್ಲಿ ಕೆಲಸ ನಿರ್ವಹಿಸುವಾಗ ಆಕಸ್ಮಿಕವಾಗಿ ಕಾಲು ಜಾರಿ ಬಣ್ಣದ ತೊಟ್ಟಿಗೆ ಬಿದ್ದು ಮೃತಪಟ್ಟಿದ್ದು, ಮರಣದ ಬಗ್ಗೆ ಯಾರ ಮೇಲೂ ಯಾವುದೇ ಸಂಶಯ ಇರುವುದಿಲ್ಲ.’ ಕೆಳಗೆ ಹುಲಿಗೆವ್ವನ ಹೆಬ್ಬೆಟ್ಟು. ಅಪಘಾತವೆಂದು ಬರೆದ ಮೇಲೆ ಶವಪರೀಕ್ಷೆಯ ಮಾತೇ ಇಲ್ಲ.

ಓದಿ ಹೇಳಿದಾಗ ಹುಲಿಗೆವ್ವ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು. “ಇದು ನನ್ನ ಮಾತಲ್ಲ. ನಾ ಅವನ ಹೆಸರು ಹೇಳೇನಿ. ಕೋಲು ಹೇಳೇನಿ. ಯಾರ್ ಬರದಾರ ಇದನ್ನ?”

ಯಾರೂ ಬರೆದಿರಲಿಲ್ಲ. ಬರೆಯುವವರೇ ಇಲ್ಲದ ಠಾಣೆ ಅದು.

ಅಷ್ಟರಲ್ಲಿ ಮಲ್ಲೇಶಪ್ಪನ ಗುಮಾಸ್ತ ಬಂದ. ಸಾವುಕಾರರಿಗೆ ಬಹಳ ಸಂಕಟವಾಗಿದೆ, ಕಟ್ಟಿಗೆಯ ಗಾಡಿ ಕಳಿಸಿದ್ದಾರೆ, ಸುಡುವ ವ್ಯವಸ್ಥೆಯೆಲ್ಲ ಅವರದೇ ಎಂದ.

“ನಮ್ಮಲ್ಲಿ ಹೂಳ್ತೀವೋ ತಮ್ಮಾ,” ಎಂದಳು ಹುಲಿಗೆವ್ವ. “ನಮ್ಮ ಹೆಣದ ಪದ್ಧತಿ ನಿಮ್ಮ ಸಾವುಕಾರಗ ಇಷ್ಟು ದಿನ ಬೇಕಾಗಿರಲಿಲ್ಲ. ಇವತ್ತ್ಯಾಕ ಸುಡಾಕ ಇಷ್ಟು ಅವಸರ?”

ಗುಮಾಸ್ತ ಗಾಡಿಯ ಜೊತೆ ವಾಪಸು ಹೋದ. ಕಸ್ತೂರಿಯನ್ನು ಹೂತರು. ತೊಳೆದ ನೀರು ಓಣಿಯ ಗಟಾರದಲ್ಲಿ ನೀಲಿಯಾಗಿ ಹರಿಯಿತು.

*

ಶನಿವಾರ ಬೆಳಿಗ್ಗೆ ದುರಗವ್ವ ಭವನಕ್ಕೆ ಎಲ್ಲರಿಗಿಂತ ಮೊದಲು ಹೋದಳು. ಠಾಣೆಯಲ್ಲಿ ಆಡಿದ ದನಿ, ಅದರಿಂದ ಯಂತ್ರ ಬರೆದ ಬರಹ ಎರಡೂ ಅಲ್ಲಿಗೆ ಬಂದು ಸೇರುತ್ತವೆ. ದನಿ ಯಾರೂ ಕೇಳುವುದಿಲ್ಲ, ಬರಹ ಮಾತ್ರ ಲೆಕ್ಕಕ್ಕೆ ಹೋಗುತ್ತದೆ. ಅವಳು ಚಿಗವ್ವನ ದನಿ ಹಾಕಿದಳು, ಬರಹ ಎದುರಿಗಿಟ್ಟುಕೊಂಡಳು.

“ನನ್ನ ಮಗಳು ಬಣ್ಣದ ಕಾರಖಾನ್ಯಾಗ ಕೆಲಸ ಮಾಡತಿದ್ಲು. ನಿನ್ನಿ… ಇವತ್ತ ಮುಂಜಾನೆ ಅಕಿನ್ನ…”

ಅಲ್ಲಿ ದನಿ ಒಡೆದಿತ್ತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಬರಿ ಉಸಿರು. ಪರದೆಯ ಮೇಲೆ ಆ ಖಾಲಿ ಜಾಗಕ್ಕೆ ಸರಿಯಾಗಿ ‘ಆಕಸ್ಮಿಕವಾಗಿ ಕಾಲು ಜಾರಿ’ ಎಂದು ಮೂಡಿತು. ಆಮೇಲೆ ಹುಲಿಗೆವ್ವ ಗುರುಬಸು ಎಂದಳು, ಕೋಲು ಎಂದಳು, ಹಲ್ಲು ಬೆಳ್ಳಗಿದ್ದವು ಎಂದಳು. ಮೊದಲು ಬರೆದದ್ದಕ್ಕೆ ಹೊಂದದ ಯಾವ ಮಾತನ್ನೂ ಯಂತ್ರ ತೆಗೆದುಕೊಳ್ಳಲಿಲ್ಲ.

ದುರಗವ್ವ ದನಿ ನಿಲ್ಲಿಸಿದಳು. ಆ ಮೂರು ಎಣಿಕೆ ಅವಳಿಗೆ ಗೊತ್ತಿತ್ತು.

ಇಪ್ಪತ್ತಮೂರು ವರ್ಷದ ಹಿಂದೆ, ಇದೇ ಕಟ್ಟಡದ ಕೆಳಗಿನ ಹಜಾರ. ಹಳೆಯ ಠಾಣೆಗಳಿಂದ ಗಾಡಿಗಟ್ಟಲೆ ದಿನಚರಿ ಪುಸ್ತಕ ಬಂದಿದ್ದವು. ಆ ಕಾಗೆಕಾಲಿನ ಅಕ್ಷರ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಅದಕ್ಕೇ ನಲವತ್ತು ಹೆಂಗಸರು ಗಟ್ಟಿಯಾಗಿ ಓದಬೇಕು, ಯಂತ್ರ ಕೇಳಿ ಕಲಿಯಬೇಕು. ಅರ್ಧಕ್ಕರ್ಧ ಪುಟ ಗೆದ್ದಲು ತಿಂದಿತ್ತು. “ಖಾಲಿ ಬಿಡಬ್ಯಾಡ್ರಿ, ಯಂತ್ರ ನಿಂತಬಿಡತದ. ಮುಂದ ಹಿಂದ ನೋಡಿ ತುಂಬ್ರಿ,” ಎಂದು ಮೇಲಿನವರು ಹೇಳಿದ್ದರು. ತುಂಬುವುದೇನು ಕಷ್ಟ? ಠಾಣೆಯ ಬರಹಗಾರರು ತಲೆಮಾರಿನಿಂದ ಬರೆದದ್ದು ಅದೇ ನಾಲ್ಕು ಸಾಲು. ಗಂಡನ ಮನೆಯಲ್ಲಿ ಸತ್ತ ಸೊಸೆಗೆ ‘ಹೊಟ್ಟೆನೋವಿನ ಬಾಧೆ ತಾಳಲಾರದೆ’. ಗೌಡರ ಬಾವಿಯಲ್ಲಿ ತೇಲಿದ ಹೊಲೆಯನಿಗೆ ‘ಕಾಲು ಜಾರಿ’. ಕೂಲಿ ಕೇಳಲು ಹೋಗಿ ಬಾರದವನಿಗೆ ‘ಕುಡಿದ ಅಮಲಿನಲ್ಲಿ’. ಹರಿದ ಪುಟ ಬಂದಾಗ ಓದುವವಳು ಒಂದು ಗಳಿಗೆ ತಡೆದು, ಪುಟ ತಿರುವಿ ನೋಡಿ, ಬಾಯಿಪಾಠದ ಸಾಲು ಹೇಳಿಬಿಡುತ್ತಿದ್ದಳು. ಮುಂದಿನ ಅರೆಬರೆ ಅಕ್ಷರ ಅದಕ್ಕೆ ಹೊಂದದಿದ್ದರೆ ಬಿಟ್ಟು ಮುಂದೆ ಹೋಗುತ್ತಿದ್ದಳು. ಒಬ್ಬಳು “ಹೊಟ್ಟೆನೋವಿನ…” ಎಂದರೆ ಉಳಿದವರು “…ಬಾಧೆ ತಾಳಲಾರದೆ” ಎಂದು ರಾಗ ಎಳೆದು ನಗುತ್ತಿದ್ದರು. ಹೌದು, ನಗುತ್ತಿದ್ದರು. ಎಲ್ಲರಿಗಿಂತ ಮೊದಲು ಪುಸ್ತಕ ಮುಗಿಸುತ್ತಿದ್ದವಳು ದುರಗವ್ವ.

ಯಂತ್ರ ಕಲಿತದ್ದು ಇಷ್ಟು: ಓದುವ ದನಿ ತಡೆದರೆ ಅದು ಗೆದ್ದಲು ತಿಂದ ಜಾಗ, ಅಲ್ಲಿ ಈ ಸಾಲು ತುಂಬಬೇಕು.

ಖಚಿತ ಮಾಡಿಕೊಳ್ಳಲು ಅವಳು ಇನ್ನೊಂದು ದೂರು ಹಾಕಿದಳು. ಒಬ್ಬ ಗುತ್ತಿಗೆದಾರನ ಕಾರಿನ ಗಾಜು ಒಡೆದ ಪ್ರಕರಣ. ವಕೀಲ ಬರೆದುಕೊಟ್ಟದ್ದನ್ನು ಅವನು ಒಂದೇ ಉಸಿರಿಗೆ ಓದಿದ್ದ. ಕೊಲೆಯತ್ನದ ಕಲಮಿನ ಸಮೇತ ಅಕ್ಷರ ಬಿಡದೆ ಅಚ್ಚಾಗಿತ್ತು. ಅಳದೆ ಹೇಳಬಲ್ಲವರ ದೂರು ದೂರಾಗಿ ಉಳಿದಿತ್ತು. ಅತ್ತವರ ಮನೆಯ ಸತ್ತವರೆಲ್ಲ ಇಪ್ಪತ್ತೆರಡು ವರ್ಷದಿಂದ ಕಾಲು ಜಾರುತ್ತಿದ್ದರು. ಗೆರೆ ನೆಟ್ಟಗೆ ಇಳಿಯುತ್ತಿತ್ತು.

*

ಭವನದ ನಿರ್ದೇಶಕ ಸವಣೂರ ಸಾಹೇಬರು ಸಮಾಧಾನದ ಮನುಷ್ಯ. ಭಾನುವಾರವೂ ಕಚೇರಿಗೆ ಬರುವಂಥವರು. ಮರುದಿನ ದುರಗವ್ವ ಹೇಳುವುದನ್ನೆಲ್ಲ ಕೇಳಿದರು, ಚಹಾ ತರಿಸಿದರು. ಅವರಿಗೆ ಆಶ್ಚರ್ಯವಾಗಲಿಲ್ಲ. ಅದು ಅವಳ ಕಣ್ಣಿಗೆ ಬಿತ್ತು.

“ನಿಮಗ ಗೊತ್ತಿತ್ತು.”

“ಎಂಟು ವರ್ಷದಿಂದ,” ಎಂದರು ಸಾಹೇಬರು.

“ಸರಿ ಮಾಡಾಕ ಎಷ್ಟು ದಿನ ಬೇಕ್ರೀ?”

“ದಿನ ಯಾಕ, ಒಂದು ತಾಸು ಸಾಕು. ಆದ್ರ ಸರಿ ಮಾಡಿದ ಮರುದಿನ ಗೆರಿ ಎಲ್ಲಿ ಹೋಗಿ ನಿಲ್ಲತದ, ವಿಚಾರ ಮಾಡೀರೇನು? ಒಂದೇ ವರ್ಷದಾಗ ಮೂರು ಪಟ್ಟು. ಜನಾ ಗಾಬರಿ ಆಗ್ತಾರ, ಬೀದಿಗೆ ಬರ್ತಾರ. ಶಾಂತಿ ಕೆಡತದ.”

“ಅಂದ್ರ ಜನಾ ಸತ್ರ ಶಾಂತಿ ಕೆಡಂಗಿಲ್ಲ. ಎಣಿಸಿದ್ರ ಕೆಡತೈತಿ.”

ಸಾಹೇಬರು ಬಟ್ಟಲನ್ನು ತಟ್ಟೆಯ ಮೇಲೆ ಸಪ್ಪಳವಿಲ್ಲದೆ ಇಟ್ಟರು. “ದುರ್ಗಾ ಅವರ, ಆ ಜಾಗಾ ತುಂಬಿದ ದನಿ ಯಾರದು ಅಂತ ಯಾರಾದ್ರೂ ಕೇಳಿದ್ರ, ನಲವತ್ತು ಹೆಸರು ಕಡತದಾಗ ಅದಾವ. ಹೆಚ್ಚು ತುಂಬಿದವರ ಹೆಸರು ಮೊದಲನೇದು. ನನ್ನ ಹೆಸರು ಎಲ್ಲೂ ಇಲ್ಲ.”

ಅವರು ಅದನ್ನು ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ. ಹವಾಮಾನ ಹೇಳುವಂತೆ ಹೇಳಿದರು. ದುರಗವ್ವ ಚಹಾ ಮುಟ್ಟದೆ ಎದ್ದಳು. ಮೆಟ್ಟಿಲಿಳಿಯುವಾಗ ಕಣ್ಣಮುಂದೆ ಬಂದದ್ದು ಸಾಹೇಬರ ಮುಖವಲ್ಲ, ಆ ಹಜಾರದ ನಗು. ಊರ ಸಾವುಕಾರರ ಬಾವಿಯಿಂದ ಹೆಣ ಎತ್ತುವ ಕೆಲಸ ಅವಳ ಅಪ್ಪನದಾಗಿತ್ತು. ಅವನ ಪಾಲಿನ ಹೆಣಗಳಿಗೆ ‘ಕಾಲು ಜಾರಿ’ ಎಂದು ಮಗಳೇ ಓದಿ ಹೇಳಿದ್ದಳು.

*

ದಾಖಲೆ ಮುಚ್ಚುವುದು ಅದೇ ದಿನ ಸಂಜೆ ಆರಕ್ಕೆ. ಪೇಟೆ ತಲುಪಿದಾಗ ಮೂರು ಹೊಡೆದಿತ್ತು. ಹುಲಿಗೆವ್ವನ ಮನೆಯಲ್ಲಿ ಆರೇಳು ಹೆಂಗಸರು ಕೂತಿದ್ದರು. ದುರಗವ್ವ ಏನನ್ನೂ ಮುಚ್ಚಿಡಲಿಲ್ಲ. ಗೆದ್ದಲು, ಹಜಾರ, ನಗು ಎಲ್ಲ ಹೇಳಿದಳು.

ಹುಲಿಗೆವ್ವ ಅವಳ ಕಡೆ ತಿರುಗಿದಳು.

“ನನ್ನ ಮಗಳ ಕಾಲು ಜಾರಿಸಿದಾಕಿ ನೀನ ಅಂದಂಗಾತು.”

“ಹೌದು ಚಿಗವ್ವಾ.”

“ಅದರ ಮ್ಯಾಲೆ ಇಲ್ಲಿ ಬಂದು ಮಾರಿ ತೋರಸ್ತಿ.”

“ಆರು ಗಂಟೆತನಕ ತೋರಸ್ತೀನಿ. ಆಮ್ಯಾಲೆ ಹೊರಗ ಹಾಕು. ಈಗ ನನ್ನ ಮಾತು ಕೇಳು. ನಡುವ ನಿಲ್ಲಬಾರದು. ಅಳಬಾರದು. ಮೂರು ಎಣಸೂದ್ರಾಗ ಮುಂದಿನ ಮಾತು ಬರಬೇಕು.”

ಹುಲಿಗೆವ್ವ ಗೋಡೆಗೆ ಬೆನ್ನು ಕೊಟ್ಟು ಪ್ರಯತ್ನಿಸಿದಳು. “ನನ್ನ ಮಗಳನ್ನ ಗುರುಬಸು ಅನ್ನಾಂವ ಕೋಲಿಲೆ ತಲಿಗೆ…” ಅಲ್ಲಿಗೆ ನಿಂತಳು. ಎರಡನೆಯ ಸಲವೂ ಅದೇ ‘ತಲಿಗೆ’ಯಲ್ಲಿ. ಮೂರನೆಯ ಸಲ ಅಷ್ಟೂ ಬರಲಿಲ್ಲ.

“ಆಗಂಗಿಲ್ಲ. ಮಗಳು ಸತ್ತದ್ದನ್ನ ಉಸಿರು ಬಿಡದ ಹೇಳಾಕ ನಾ ಏನು ವಕೀಲೇನು?”

“ಬ್ಯಾರೆಯವರು ಹೇಳಿದ್ರ?” ಎಂದಳು ಮಾಬುಬಿ. “ನಾ ನೋಡೇನಿ. ನಾ ಹೇಳ್ತೀನಿ.”

“ನಿನ್ನೂ ನೋಡೇನಿ, ನಿಂತರ ನಡಗತಿ,” ಎಂದಳು ಮೂಲೆಯಲ್ಲಿ ಕೂತಿದ್ದ ಮುದುಕಿ ಯಮನವ್ವ. ಗುರುಬಸುವಿನ ಕೈಯಿಂದ ಕೆನ್ನೆಗೆ ಹೊಡೆಸಿಕೊಂಡವಳು ಅವಳೇ. ಸುತ್ತ ಹತ್ತು ಓಣಿಯಲ್ಲಿ ಯಾರು ಸತ್ತರೂ ಹಾಡಿಕೊಂಡು ಅಳಲು ಅವಳನ್ನೇ ಮೊದಲು ಕರೆಯುತ್ತಿದ್ದರು. “ಏನ್ ಹುಚ್ಚರೇ ನೀವು. ಹೆಣದ ಮುಂದ ಕುಂತು ನಾವು ಅಳೂವಾಗ ಎಂದರ ಖಾಲಿ ಬಿಟ್ಟೀವೇನು? ಒಬ್ಬಾಕಿ ಉಸರು ಹಿಡೀತು ಅಂದ್ರ ಮಗ್ಗಲದಾಕಿ ಎತ್ತಿಕೊಳ್ಳಂಗಿಲ್ಲೇನು? ಮುಂಜಾನೆಯಿಂದ ಸಂಜೀಮಟ ಸತ್ತಾಕಿ ಹುಟ್ಟಿದ್ದು, ಉಂಡಿದ್ದು, ಸತ್ತದ್ದು ಎಲ್ಲಾ ಹೇಳಿ ಅಳ್ತೀವಿ. ಒಂದು ಗಳಿಗಿ ಸುಮ್ಮನಿದ್ರ ಹೆಣದಾಗ ದೆವ್ವ ಹೊಗತೈತಿ ಅಂತಿದ್ಲು ನಮ್ಮವ್ವ.”

ಎಲ್ಲರೂ ದುರಗವ್ವನ ಮುಖ ನೋಡಿದರು. ಯಂತ್ರ ದನಿಗಳನ್ನು ಎಣಿಸುತ್ತದೆಯೇ ಎಂದು ಅವಳು ಯೋಚಿಸಿದಳು. ಎಣಿಸುವುದಿಲ್ಲ. ನಲವತ್ತು ದನಿಯನ್ನು ಒಂದೇ ದನಿ ಎಂದು ಕಲಿತ ಕಿವಿ ಅದು.

“ಏಳ್ರಿ,” ಎಂದಳು.

*

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಮತ್ತು ಹವಾಲ್ದಾರಿಣಿ ಕಲ್ಪನಾ ಇದ್ದರು. ಒಂಬತ್ತು ಹೆಂಗಸರು ಒಮ್ಮೆಗೇ ಒಳಬಂದು ಒಂದು ಕುರ್ಚಿಯ ಸುತ್ತ ನೆಲದ ಮೇಲೆ ಕೂತದ್ದು ಕಂಡು ಇನ್ಸ್‌ಪೆಕ್ಟರ್ ಎದ್ದು ಬಂದ.

“ಏನಿದು ಸಂತಿ? ಒಬ್ಬೊಬ್ಬರ ಬರ್ರಿ.”

“ದುಃಖ ಒಂದ ಐತಿ ಸಾಹೇಬ್ರ, ಕುಂತಾವರು ಒಂಬತ್ತು ಮಂದಿ ಅಷ್ಟ,” ಎಂದಳು ಯಮನವ್ವ.

“ಹೇಳವ್ವಾ,” ಎಂದಿತು ದಾಖಲವ್ವ, ಸಕ್ಕರೆಯಂಥ ದನಿಯಲ್ಲಿ.

ಹುಲಿಗೆವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಮೈಯನ್ನು ಮುಂದಕ್ಕೂ ಹಿಂದಕ್ಕೂ ತೂಗುತ್ತ ರಾಗ ಎತ್ತಿದಳು.

“ನನ ಕಸ್ತೂರೀ… ನೀಲೀಯ ಕೈಯಾಕೀ, ನಿಂತು ನ್ಯಾಯ ಕೇಳಿದಾಕೀ… ಕೋಲೀಲೆ ಹೊಡೆದಾನ ನಿನ ತಲೀಗೇ…”

ತಲಿಗೆ. ಅಲ್ಲೇ ಅವಳ ದನಿ ಒಡೆಯಿತು. ಒಡೆಯುವ ಮೊದಲೇ ಯಮನವ್ವ ಆ ರಾಗವನ್ನು ಹಿಡಿದಿದ್ದಳು.

“ಹೊಡೆದಾಂವ ಗುರುಬಸು, ಮಲ್ಲೇಶಪ್ಪನ ಒಡಹುಟ್ಟು… ಮುದುಕೀಯ ಕೆನ್ನೀಗೆ ಹೊಡೆದಾಂವ, ಆ ಸಿಟ್ಟಾ ನಿನಮ್ಯಾಲೆ ತೀರಿಸಿದಾನ ಮಗಳೇ…”

“ಶುಕ್ರವಾರ ಮುಂಜಾನೆ ಹನ್ನೊಂದು ಗಂಟೇಕ,” ಎಂದು ಮಾಬುಬಿ ಎತ್ತಿಕೊಂಡಳು. ರಾಗ ಅವಳದಲ್ಲ, ಆದರೂ ಬಂತು. “ಎರಡನೇ ತೊಟ್ಟೀಯ ಬಾಜೂಕ ನಾ ನಿಂತು ನೋಡೇನೇ ನನ ಗೆಳತೀ… ಎರಡು ಏಟು ಹಾಕಿದಾನ, ಎತ್ತಿ ನಿನ್ನ ಒಗೆದಾನ…”

ಅವಳೂ ನಡುಗಿದಳು. ಇನ್ನೊಬ್ಬಳು ಹಿಡಿದಳು. ಹಲ್ಲು ಬೆಳ್ಳಗಿದ್ದದ್ದು ಬಂತು, ಒಳಗೆ ಹೋದ ಹಿಂದಲೆ ಬಂತು, ಕರೆಯದೆ ಬಂದ ಕಟ್ಟಿಗೆಯ ಗಾಡಿ ಬಂತು, ಹೂತ ಜಾಗ ಬಂತು. ದುರಗವ್ವ ಬೆರಳಿನಲ್ಲಿ ಎಣಿಸುತ್ತ ಕೂತಿದ್ದಳು. ಒಂದು ಎನ್ನುವುದರೊಳಗೆ ದನಿ ಇರುತ್ತಿತ್ತು. ಎರಡಕ್ಕೆ ಒಮ್ಮೆಯೂ ಹೋಗಲಿಲ್ಲ.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಇನ್ಸ್‌ಪೆಕ್ಟರ್ “ಹೌದ್ರೀ ಸರ್… ಹುಬ್ಬಳ್ಳಿಯಿಂದೇನ್ರಿ… ಈಗ ಮಾಡ್ತೀನ್ರಿ” ಎಂದು ಇಟ್ಟು, ಗೋಡೆಯ ಸ್ವಿಚ್ಚಿನ ಕಡೆ ನಡೆದ.

“ಸರ್,” ಎಂದಳು ಕಲ್ಪನಾ, ಕಡತದಿಂದ ತಲೆ ಎತ್ತದೆ. “ನಡುವ ಬಂದ್ ಮಾಡಿದ್ರ ಆ ಹಾಳ್ಯಾಗ ನಿಮ್ಮ ಹೆಸರು ಅಚ್ಚಾಗತೈತಿ. ಫೋನ್ ಮಾಡಿ ಹೇಳಿದವರ ಹೆಸರು ಆಗಂಗಿಲ್ಲ.”

ಅವನ ಕೈ ಸ್ವಿಚ್ಚಿನ ಹತ್ತಿರವೇ ಉಳಿಯಿತು. ಆಮೇಲೆ ಅದೇ ಕೈಯಿಂದ ಮುಖ ಒರೆಸಿಕೊಂಡ.

ಆರಕ್ಕೆ ಹನ್ನೆರಡು ನಿಮಿಷ ಇರುವಾಗ ಯಮನವ್ವ ಕೊನೆಯ ಸಾಲು ಎಳೆದು, ಹಾಗೇ ರಾಗದಲ್ಲೇ “ಇಷ್ಟ ನಮ್ಮ ದೂರು, ಮುಗೀತು” ಎಂದಳು. ಹಾಳೆ ಹೊರಬಂತು. ದುರಗವ್ವ ಅದನ್ನು ಎಳೆದುಕೊಂಡು ನಿಂತಲ್ಲೇ ಓದತೊಡಗಿದಳು. ‘ಆರೋಪಿ ಗುರುಬಸು ಎಂಬುವನು ಬಣ್ಣ ಕಲಕುವ ಕೋಲಿನಿಂದ ಮೃತಳ ತಲೆಗೆ ಎರಡು ಬಾರಿ ಹೊಡೆದು ಕೊಲೆ ಮಾಡಿ…’ ಅವಳ ಕಣ್ಣು ತುಂಬಿ ಅಕ್ಷರ ಕಲಸಿದವು.

“ಬಂತು ಚಿಗವ್ವಾ. ಕೊಲಿ ಅಂತನ ಬಂದೈತಿ. ಹೆಬ್ಬೆಟ್ಟು ಒತ್ತು.”

ಹುಲಿಗೆವ್ವ ಕೈ ಚಾಚಲಿಲ್ಲ.

“ನೀ ಓದಬ್ಯಾಡ,” ಎಂದಳು. “ನೀ ಖಾಲಿ ಜಾಗಾ ತುಂಬಿ ಓದಾಕಿ. ಹಾಳಿ ಆ ಪೊಲೀಸಕ್ಕನ ಕೈಗೆ ಕೊಡು.”

ಕಲ್ಪನಾ ಎದ್ದು ಬಂದು ಹಾಳೆ ತೆಗೆದುಕೊಂಡು ಮೊದಲಿನಿಂದ ಓದಿದಳು. ಹುಲಿಗೆವ್ವ ಕಣ್ಣು ಮುಚ್ಚಿ ಕೇಳಿದಳು. ಕೋಲು ಬಂದಾಗ ತಲೆಯಾಡಿಸಿದಳು, ಹಲ್ಲು ಬಂದಾಗ ಇನ್ನೊಮ್ಮೆ ಓದಿಸಿದಳು. ದುರಗವ್ವ ಬಾಗಿಲಿನ ಹತ್ತಿರ ಒಬ್ಬಳೇ ನಿಂತಿದ್ದಳು. ಆರಕ್ಕೆ ಎರಡು ನಿಮಿಷ ಇದ್ದಾಗ ಹುಲಿಗೆವ್ವ ಹೆಬ್ಬೆಟ್ಟು ಒತ್ತಿದಳು.

“ಆತಲ್ಲ, ದಾಖಲ ಆತು,” ಎಂದ ಇನ್ಸ್‌ಪೆಕ್ಟರ್. “ಇನ್ನ ಮನಿಗೆ ಹೋಗ್ರಿ. ನಾವು ನೋಡ್ಕೊತೀವಿ.”

“ನೀವು ಏನು ನೋಡ್ಕೊತೀರಿ ಅನ್ನೂದನ್ನ ನಾನೂ ನೋಡ್ತೀನಿ.” ಹುಲಿಗೆವ್ವ ಹೊರಗೆ ಬಂದು ಠಾಣೆಯ ಕಟ್ಟೆಯ ಮೇಲೆ, ಬಾಗಿಲಿಗೆ ಎದುರಾಗಿ, ಕಾಲು ಮಡಚಿ ಕೂತಳು. “ಅವನ್ನ ಹಿಡಕೊಂಡು ಬರೂಮಟ ಏಳಂಗಿಲ್ಲ. ಹಾಳಿ ಒಳಗೈತಿ. ನಾ ಆಕಡೆ ಹೊಳ್ಳಿದ್ರ ಏನಾಗತೈತೋ ಯಾರ್ ಬಲ್ಲರು.”

ಉಳಿದ ಏಳು ಹೆಂಗಸರೂ ಅವಳ ಸುತ್ತ ಕೂತರು. ದುರಗವ್ವ ಎಲ್ಲಿ ಕೂರಬೇಕೆಂದು ತಿಳಿಯದೆ ಮೆಟ್ಟಿಲ ಮೇಲೆ ನಿಂತಿದ್ದಳು. ಹುಲಿಗೆವ್ವ ಅವಳ ಕಡೆ ನೋಡಲಿಲ್ಲ. ಆದರೆ ಒಂದಿಷ್ಟು ಸರಿದಳು, ಒಬ್ಬರು ಕೂರುವಷ್ಟು.